ಗಂಗಮ್ಮನ ಬಾವಿಯ ದುಂಡು ಗೋಡೆ

"ಗುರುಗಳೇ, ಕಲ್ಲು ಎಸೆದರೆ ಕೆಳಕ್ಕೇ ಬೀಳುತ್ತದೆ. ನೀರು ತಗ್ಗಿಗೇ ಹರಿಯುತ್ತದೆ. ಒಲೆಯ ಮೇಲಿನ ಹಾಲು ಕಾದರೆ ಉಕ್ಕುತ್ತದೆ. ಅದು ಅವುಗಳ ಕಟ್ಟಳೆ. ಹಾಗೆಯೇ ಒಬ್ಬರು ಆಡಿದ ಮಾತು ಗಾಳಿಯಲ್ಲಿ ಬಂದು ಇನ್ನೊಬ್ಬರ ಕಿವಿಗೆ ಬೀಳುತ್ತದೆ. ಬಿದ್ದ ಮೇಲೆ ಕಿವಿಯದೇನು ತಪ್ಪು?"

ಕೇಳಿದವನು ನಂಜಯ್ಯ, ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಕೂತು ಕೇಳಲಿಲ್ಲ. ಒಂದು ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದಕ್ಕೆ ಬದಲಿಸಿ, ಮತ್ತೆ ಬದಲಿಸಿ ಕೇಳಿದ. ಅವನ ಕಳವಳಕ್ಕೆ ಕಾರಣವಿತ್ತು. ಉಗ್ರಾಣಕ್ಕೂ ಗುರುಗಳ ಕೋಣೆಗೂ ನಡುವೆ ಒಂದೇ ಗೋಡೆ, ಅದರಲ್ಲೊಂದು ಗಾಳಿಗಂಡಿ. ಆ ಕೋಣೆಗೆ ಭಕ್ತರು ಬರುತ್ತಾರೆ, ಬಾಗಿಲು ಮುಚ್ಚಿ ಮನೆಯ ಕಷ್ಟ ಹೇಳಿಕೊಳ್ಳುತ್ತಾರೆ. ಬಾಗಿಲು ಮುಚ್ಚಿ ಹೇಳಿದ ಕಷ್ಟ ಸಂಜೆಯ ಪಂಕ್ತಿಯಲ್ಲಿ ಸಾರಿನ ಜೊತೆ ಎಲ್ಲರ ಎಲೆಗೂ ಬೀಳುತ್ತಿತ್ತು. ಹಿಂದಿನ ದಿನವಷ್ಟೇ ಒಬ್ಬ ಭಕ್ತ ಮಠದ ಅಂಗಳದಲ್ಲಿ ನಿಂತು, "ಇನ್ನು ಈ ಮೆಟ್ಟಿಲು ತುಳಿದರೆ ನನ್ನನ್ನು ಮನುಷ್ಯ ಅನ್ನಬೇಡಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದ.

ಗುರುಗಳು ಶಿಷ್ಯನ ಮುಖ ನೋಡಲಿಲ್ಲ. ಅವನ ಕಾಲು ನೋಡಿದರು.

"ಕೂತುಕೋ. ಕಿವಿಯ ಮಾತು ಎತ್ತಿದೆ. ಕಿವಿಯದೇ ಒಂದು ಕತೆ ಇದೆ" ಎಂದರು.

ಬಯಲುಸೀಮೆಯ ಒಂದು ಪೇಟೆ. ಊರಿಗೆಲ್ಲ ಒಂದೇ ಸಿಹಿನೀರಿನ ಬಾವಿ. ಇಣುಕಿ ನೋಡಿ ಹೋಗುವ ಸಣ್ಣ ಗುಂಡಿಯಲ್ಲ. ಒಳಗೆ ಒಂದು ಮದುವೆಯ ಚಪ್ಪರ ಹಾಕಬಹುದು, ಅಷ್ಟು ಅಗಲ. ಬಳೆಯ ಹಾಗೆ ದುಂಡಗೆ. ಗೋಡೆಗೆ ಗಾರೆ ಮೆತ್ತಿ, ನುಣುಪುಗಲ್ಲಿನಿಂದ ಉಜ್ಜಿ ಉಜ್ಜಿ, ಕೈ ಇಟ್ಟರೆ ಜಾರಬೇಕು, ಹಾಗೆ ನಯ ಮಾಡಿದ್ದರು. ನೀರು ಸೇದುವುದು ಮೇಲಿನಿಂದ, ರಾಟೆಗೆ ಹಗ್ಗ ಹಾಕಿ. ಪಡುವಣ ಬದಿಯಲ್ಲಿ ಇಳಿಯಲು ಮೆಟ್ಟಿಲೂ ಇದ್ದವು. ಇಳಿದರೆ ನೀರಿಗಿಂತ ಮೊಳದಷ್ಟು ಮೇಲೆ ಗೋಡೆಯ ಸುತ್ತ ಒಂದು ಕಿರಿದಾದ ಜಗಲಿ. ಮೆಟ್ಟಿಲಿಗೆ ನೇರ ಎದುರಿಗೆ, ಮೂಡಣ ಬದಿಯ ಗೋಡೆಯಲ್ಲಿ ಗಂಗಮ್ಮನ ಗೂಡು.

ಆ ಊರಿನ ಹೆಂಗಸರಲ್ಲಿ ಒಂದು ಪದ್ಧತಿ. ಮನೆಯಲ್ಲಿ ಆಡಲಾಗದ, ತವರಿಗೂ ಹೇಳಲಾಗದ ಸಂಕಟವಿದ್ದವಳು ಮಧ್ಯಾಹ್ನ ರಾಟೆ ನಿಂತ ಹೊತ್ತಿಗೆ ಒಬ್ಬಳೇ ಬಾವಿಗೆ ಇಳಿಯುವುದು. ಗೂಡಿನ ಪಕ್ಕದ ಗೋಡೆಗೆ ತುಟಿ ತಾಗಿಸಿ ಉಸಿರಿನಲ್ಲೇ ಹೇಳಿಕೊಳ್ಳುವುದು. ಒಬ್ಬಳು ಇಳಿದಿರುವಾಗ ಇನ್ನೊಬ್ಬಳು ಇಳಿಯುವಂತಿಲ್ಲ. ಬಾವಿಗೆ ಹೇಳಿದ್ದು ಬಾವಿಯ ತಳಕ್ಕೆ ಹೋಯಿತು ಎಂದು ನಂಬಿಕೆ. ಹೇಳಿ, ಮುಖ ತೊಳೆದುಕೊಂಡು, ಮೇಲೆ ಬಂದು, ಏನೂ ಆಗದವಳ ಹಾಗೆ ಮತ್ತೆ ಸಂಸಾರಕ್ಕೆ ಹೊಂದಿಕೊಳ್ಳುತ್ತಿದ್ದರು. ಆ ಊರಿನಲ್ಲಿ ಎಷ್ಟೋ ಮನೆ ಮುರಿಯದೆ ನಿಂತದ್ದು ಆ ಗೋಡೆಯ ಮೇಲೆ.

ಅದೇ ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನಿಗೊಬ್ಬ ಹೆಂಡತಿ. ಉಣ್ಣಲು ಉಡಲು ಕೊರತೆಯಿಲ್ಲ. ಕೊರತೆ ಇದ್ದದ್ದು ಸುದ್ದಿಗೆ. ಅವಳ ಮನೆಯಲ್ಲಿ ಹೇಳುವಂಥದ್ದು ಏನೂ ನಡೆಯುತ್ತಿರಲಿಲ್ಲ. ಗಂಡ ಬೆಳಗ್ಗೆ ಅಂಗಡಿಗೆ ಹೋಗುವನು, ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು ವ್ಯಾಪಾರ ಮಾಡುವನು, ರಾತ್ರಿ ಬಂದು ಉಂಡು ಗೊರಕೆ ಹೊಡೆಯುವನು. ಈಚೆಗೆ ಆ ಬೆಕ್ಕೂ ಇರಲಿಲ್ಲ. ತುಪ್ಪದ ಗಡಿಗೆಗೆ ಬಾಯಿ ಹಾಕಿತೆಂದು ವ್ಯಾಪಾರಿಯೇ ಚೀಲದಲ್ಲಿ ಕಟ್ಟಿ ಕೆರೆಯ ಆಚೆ ಬಿಟ್ಟುಬಂದಿದ್ದ. ಬಿಟ್ಟುಬಂದ ದಿನ ಉಣ್ಣಲಿಲ್ಲ.

ವ್ಯಾಪಾರಿಯ ಹೆಂಡತಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೀದಿಯಲ್ಲಿ ಇಬ್ಬರು ನಿಂತು ಮಾತಾಡಿದರೆ ಇವಳ ಒಲೆಯ ಮೇಲೆ ಪಲ್ಯ ಸೀಯುತ್ತಿತ್ತು. ಯಾರ ಮನೆಯ ಕದ ಹಾಕಿದ್ದರೂ ಇವಳ ಹೊಟ್ಟೆ ಉಬ್ಬರಿಸುತ್ತಿತ್ತು. ಇನ್ನೊಂದು ಅಭ್ಯಾಸವೂ ಇತ್ತು. ಎಲೆ ಅಡಿಕೆ ಅಗಿಯುತ್ತಾ, ಕೇಳಿದ ಮಾತಿಗೆಲ್ಲ ತನ್ನಷ್ಟಕ್ಕೆ ತಾನು ಗೊಣಗಿಕೊಂಡು ಉತ್ತರ ಕೊಡುವುದು. ಎದುರಿಗೆ ಜನವಿರಲಿ ಬಿಡಲಿ, ತುಟಿ ಮಾತ್ರ ಆಡುತ್ತಲೇ ಇರಬೇಕು.

ಒಂದು ಬೇಸಿಗೆಯ ಮಧ್ಯಾಹ್ನ ಸೆಕೆ ತಡೆಯಲಾರದೆ ಅವಳು ಬಾವಿಗೆ ಇಳಿದಳು. ಮೆಟ್ಟಿಲ ಅಡಿಯಲ್ಲಿ, ಇಳಿಯುವವರ ಕಣ್ಣಿಗೆ ಬೀಳದ ತಂಪು ನೆರಳು. ಅಲ್ಲಿ ಜಗಲಿಯ ಮೇಲೆ ಕೂತು, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.

ಕಿವಿಯ ಹತ್ತಿರ ಯಾರೋ ಉಸಿರು ಬಿಟ್ಟರು.

"ತಾಯೀ, ನನ್ನ ಅತ್ತೆ ಕದ್ದು ಬೆಲ್ಲ ತಿನ್ನುತ್ತಾಳೆ. ಅಚ್ಚಚ್ಚೇ ತಿನ್ನುತ್ತಾಳೆ. ಗಂಡ ಕೇಳಿದರೆ ಇರುವೆ ಎನ್ನುತ್ತಾಳೆ, ಇರುವೆಯನ್ನು ಬಿಟ್ಟವಳು ನಾನು ಎನ್ನುತ್ತಾಳೆ."

ವ್ಯಾಪಾರಿಯ ಹೆಂಡತಿ ಬೆಚ್ಚಿ ಎದ್ದಳು. ಪಕ್ಕದಲ್ಲಿ ಯಾರೂ ಇಲ್ಲ. ನೀರಿನ ಆಚೆ, ಗೂಡಿನ ಹತ್ತಿರ, ನೇಕಾರನ ಹೆಂಡತಿ ಗೋಡೆಗೆ ಮುಖವಿಟ್ಟು ನಿಂತಿದ್ದಾಳೆ, ಗೊಂಬೆಯಷ್ಟು ಚಿಕ್ಕದಾಗಿ. ಅಷ್ಟು ದೂರದ ಉಸಿರು ಇಲ್ಲಿಗೆ ಬರುವುದುಂಟೇ? ಇವಳು ಕಿವಿಯನ್ನು ಗೋಡೆಯಿಂದ ಗೇಣು ಈಚೆ ತಂದಳು. ಏನೂ ಇಲ್ಲ. ಮತ್ತೆ ಗೋಡೆಗೆ ಹಚ್ಚಿದಳು. ಬೆಲ್ಲದ ಕತೆ ಮುಂದುವರಿದಿತ್ತು.

ಗೋಡೆಯ ಮೇಲೆ ಇರುವೆಯ ಸಾಲೊಂದು ಹರಿಯುತ್ತಿತ್ತು. ದುಂಡು ಗೋಡೆಯನ್ನು ಬಿಡದೆ, ಅಂಟಿಕೊಂಡೇ, ಗೂಡಿನ ನೈವೇದ್ಯದಿಂದ ಈ ಬದಿಯ ಬಿರುಕಿನವರೆಗೆ. ಅದನ್ನು ನೋಡಿದ ಕೂಡಲೇ ಅವಳಿಗೆ ಹೊಳೆಯಿತು. ಮಾತೂ ಹೀಗೆಯೇ ಗೋಡೆ ಹಿಡಿದು ಬರುತ್ತಿದೆ. ಬಯಲಿನಲ್ಲಿ ಆಡಿದ ಮಾತು ನಾಲ್ಕು ದಿಕ್ಕಿಗೆ ಚೆದುರಿ ಸಾಯುತ್ತದೆ. ದುಂಡು ಗೋಡೆಗೆ ಆಡಿದ ಮಾತು ಗೋಡೆಯನ್ನೇ ತಬ್ಬಿಕೊಂಡು ಹರಿಯುತ್ತದೆ, ನಡುವೆ ಚೆಲ್ಲುವುದಿಲ್ಲ.

ಅಕ್ಷರ ಬಾರದವಳು, ಆದರೆ ಕಟ್ಟಳೆಯನ್ನು ಸರಿಯಾಗಿಯೇ ಹಿಡಿದಳು. ಅರ್ಧ ಮಾತ್ರ ಹಿಡಿದಳು. ಇರುವೆ ಸಾಲು ಬರುವುದನ್ನಷ್ಟೇ ಅವಳು ನೋಡಿದಳು.

ಅಂದಿನಿಂದ ಮಧ್ಯಾಹ್ನದ ಊಟ ಅರ್ಧಕ್ಕೇ ಮುಗಿಯುತ್ತಿತ್ತು. ಎಲ್ಲರಿಗಿಂತ ಮೊದಲು ಇಳಿದು ಮೆಟ್ಟಿಲ ಅಡಿ ಸೇರುವಳು. ಬಾಯಿಗೆ ಎಲೆ ಅಡಿಕೆ, ಗೋಡೆಗೆ ಕಿವಿ. ಒಬ್ಬೊಬ್ಬರಾಗಿ ಬರುವರು. ಯಾರ ಗಂಡ ಯಾರ ಅಂಗಳದಲ್ಲಿ ಹಗಲಿಡೀ ಹಗ್ಗ ಹೊಸೆಯುತ್ತಾನೆ, ಯಾವ ಮನೆಯ ಮಗ ಜಾತ್ರೆಗೆಂದು ಹೋಗಿ ಎಲ್ಲಿದ್ದ, ಪೂಜಾರಿಯ ಹೆಂಡತಿ ಏಕಾದಶಿಯ ದಿನ ಕೋಣೆಯಲ್ಲಿ ಏನು ತಿಂದಳು, ಎಲ್ಲ. ಇವಳು ಒಂದೊಂದಕ್ಕೂ ಗೊಣಗುವಳು. "ಅಯ್ಯೋ ನಿನ್ನ ಮುಖಕ್ಕೆ." "ಹಾಗೇ ಆಗಬೇಕು." "ಮುಠ್ಠಾಳಿ, ಅಷ್ಟೂ ಗೊತ್ತಾಗಲಿಲ್ಲವೇ?"

ಸಂಜೆ ಹೂ ಕಟ್ಟುವ ಕಟ್ಟೆಯ ಮೇಲೆ ಕೂತು ಒಂದೊಂದೇ ಬಿಚ್ಚುವಳು. "ನನಗೇನು ಗೊತ್ತು ಮಾರಾಯ್ತಿ, ಕನಸಿನಲ್ಲಿ ಗಂಗಮ್ಮ ಬಂದು ಅಂದದ್ದು" ಎನ್ನುವಳು. ಊರು ನಡುಗಿತು. ಒಂದು ನಿಶ್ಚಿತಾರ್ಥ ಮುರಿಯಿತು. ಇಬ್ಬರು ಓರಗಿತ್ತಿಯರು ಒಂದೇ ಒಲೆಯನ್ನು ಎರಡು ಮಾಡಿದರು. ಇವಳನ್ನು ಕಂಡರೆ ಹೆಂಗಸರು ಸೆರಗು ಸರಿಪಡಿಸಿಕೊಂಡು ಎದ್ದು ನಿಲ್ಲತೊಡಗಿದರು. ಅವಳಿಗೆ ಅದು ಹೋಳಿಗೆಯ ಮೇಲೆ ತುಪ್ಪ ಬಿದ್ದ ಹಾಗಿತ್ತು. ಆದರೂ ನೆಮ್ಮದಿ ಇಲ್ಲ. ಒಂದು ದಿನ ಯಾರೂ ಬಾವಿಗೆ ಇಳಿಯದಿದ್ದರೆ ರಾತ್ರಿ ಹೊರಳಾಡುವಳು. ಕೇಳಿದ್ದಷ್ಟೂ ಸಾಲದು, ಕೇಳದೆ ಉಳಿದದ್ದು ಕಚ್ಚುತ್ತಿತ್ತು.

ಒಂದು ಸಂಜೆ ನೇಕಾರನ ಹೆಂಡತಿ ಹೂ ಕಟ್ಟುತ್ತಾ ಮೆಲ್ಲಗೆ ಅಂದಳು: "ಈಚೆಗೆ ಗಂಗಮ್ಮ ಗೊಣಗುತ್ತಾಳೆ ಕಣ್ರೇ. ಮೊನ್ನೆ ನನಗೆ ಮುಠ್ಠಾಳಿ ಅಂದಳು."

"ನಿನಗೆ ಮುಠ್ಠಾಳಿ ಅನ್ನೋಕೆ ದೇವರೇ ಬರಬೇಕಾ?" ಎಂದಳು ವ್ಯಾಪಾರಿಯ ಹೆಂಡತಿ. ಕಟ್ಟೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು. ನಕ್ಕು ಮರೆತಳು.

ಆ ಊರಿನ ಕುಂಬಾರರ ಮನೆಗೆ ಹೊಸದಾಗಿ ಒಬ್ಬ ಸೊಸೆ ಬಂದಿದ್ದಳು. ಮದುವೆಯ ದಿನ ಬೀಗರ ನಡುವೆ ಜಗಳವಾಗಿತ್ತು. ಬಡಿಸುವಾಗ ಗಂಡಿನ ತಾಯಿಯ ಎಲೆಗೆ ಪಾಯಸ ಎಲ್ಲರಿಗಿಂತ ಕೊನೆಗೆ ಬಂತಂತೆ. ಅಷ್ಟೇ. ಹೆಣ್ಣಿನ ತಾಯಿಯ ನೆರಳೂ ತನ್ನ ಹೊಸಿಲಿಗೆ ಬೀಳಕೂಡದು ಎಂದು ಅತ್ತೆ ಆಣೆ ಇಟ್ಟಿದ್ದಳು. ಹೆಣ್ಣಿನ ತಾಯಿಗೆ ಇವಳೊಬ್ಬಳೇ ಮಗಳು. ಒಲೆ ಹೊತ್ತಿಸುವ ಶಕ್ತಿಯೂ ಇರಲಿಲ್ಲ, ಒಲೆಗೆ ಇಡಲು ಅಕ್ಕಿಯೂ ಇರಲಿಲ್ಲ.

ಒಂದು ಮಧ್ಯಾಹ್ನ ಆ ಸೊಸೆ ಬಾವಿಗೆ ಇಳಿದು ಗೋಡೆಗೆ ತುಟಿ ಇಟ್ಟಳು. ನನ್ನ ಪಾಲಿನ ಅನ್ನವನ್ನು ಕುಡಿಕೆಯಲ್ಲಿ ಹಾಕಿ, ಮಡಕೆ ಸುಡುವ ಆವಿಗೆಯ ಹಿಂದೆ ಇಡುತ್ತೇನೆ, ನನ್ನ ಹೆತ್ತವಳು ಬಂದು ಉಂಡು ಹೋಗುತ್ತಾಳೆ, ಅತ್ತೆಗೆ ತಿಳಿದರೆ ಇಬ್ಬರಿಗೂ ಗತಿಯಿಲ್ಲ, ಕಾಪಾಡು ಎಂದಳು.

ವ್ಯಾಪಾರಿಯ ಹೆಂಡತಿ ಪೂರ್ತಿ ಕೇಳಿದಳು. ಪೂರ್ತಿ ಹೇಳಲಿಲ್ಲ.

"ಕುಂಬಾರರ ಸೊಸೆ ದಿನಾ ಆವಿಗೆಯ ಹಿಂದೆ ಯಾರಿಗೋ ಅನ್ನ ಇಡುತ್ತಾಳಂತೆ."

"ಯಾರಿಗೆ?"

"ಗಂಗಮ್ಮ ಅಷ್ಟೇ ಹೇಳಿದ್ದು."

ದೀಪ ಹಚ್ಚುವ ಹೊತ್ತಿಗೆ ಆ 'ಯಾರೋ'ಗೆ ಮೀಸೆ ಬಂದಿತ್ತು. ಮರುದಿನ ಕಿವಿಗೆ ಒಂಟಿ ಬಂತು, ತಲೆಗೆ ಜರಿಯ ರುಮಾಲು ಬಂತು. ಮೂರು ದಿನ ಕಳೆಯುವುದರೊಳಗೆ ಅವನಿಗೊಂದು ಕುದುರೆಯೂ ಸಿಕ್ಕಿತು. ಅತ್ತೆ ಸೊಸೆಯ ಗಂಟು ಕಟ್ಟಿ ಹೊಸಿಲ ಹೊರಗೆ ಇಟ್ಟಳು. ಸೊಸೆಯ ಗಂಡ ತಿಗರಿಯ ಮುಂದೆ ತಲೆ ಬಗ್ಗಿಸಿ ಕೂತ. ಸೊಸೆ ಹೊರಗೆ ಬಿದ್ದರೆ ಹೋಗಲು ಜಾಗವಿಲ್ಲ. ಆವಿಗೆಯ ಹಿಂದಿನ ಅನ್ನ ನಿಂತರೆ ತಾಯಿಗೆ ಊಟವಿಲ್ಲ.

ಊರ ಹಿರಿಯರು ಕೂಡಿದರು. "ಹುಡುಗಿ ಗಂಗಮ್ಮನ ಗೂಡಿನ ಮುಂದೆ ನಿಂತು ಗೋಡೆಗೆ ನಿಜ ಹೇಳಲಿ. ಸುಳ್ಳಾಡಿದವಳ ಕಾಲು ಆ ಜಗಲಿಯ ಮೇಲೆ ನಿಲ್ಲುವುದಿಲ್ಲ" ಎಂದರು. ಅವಳೇನು ಹೇಳಿದಳೆಂದು ಯಾರೂ ಕೇಳಬೇಕಾಗಿರಲಿಲ್ಲ. ಕಾಲು ಜಾರುತ್ತದೋ ಇಲ್ಲವೋ, ಅಷ್ಟು ನೋಡಿದರೆ ತೀರ್ಮಾನ.

ನೋಡಲು ಊರೇ ಇಳಿಯಿತು. ಹೆಂಗಸರು, ಗಂಡಸರು, ಅಂಗಡಿ ಮುಚ್ಚಿಕೊಂಡು ವ್ಯಾಪಾರಿಯೂ ಬಂದ. ಜಗಲಿ ಕಿರಿದು. ಪಾಚಿ ಬೇರೆ. ನೀರಿಗೆ ಬೀಳುವ ಭಯಕ್ಕೆ ಒಬ್ಬೊಬ್ಬರೂ ಬೆನ್ನನ್ನೂ ತಲೆಯನ್ನೂ ಗೋಡೆಗೆ ಒತ್ತಿಕೊಂಡು, ಸುತ್ತಲೂ ಸಾಲಾಗಿ ನಿಂತರು. ಆ ಬಾವಿಯಲ್ಲಿ ಅಷ್ಟು ಜನ ಗೋಡೆಗೆ ತಲೆ ಕೊಟ್ಟು ನಿಂತದ್ದು ಅದೇ ಮೊದಲು.

ವ್ಯಾಪಾರಿಯ ಹೆಂಡತಿಗೆ ಮುಂದೆ ನಿಲ್ಲಲು ಜಾಗ ಮಾಡಿಕೊಟ್ಟರು. ದೊಡ್ಡ ಹೆಂಗಸಲ್ಲವೇ. ಅವಳಿಗೆ ಅಲ್ಲಿ ಕಾಲು ನಿಲ್ಲಲಿಲ್ಲ. ಹುಡುಗಿ ನಿಜ ಹೇಳುತ್ತಾಳೋ, ಹೆದರಿ ಬೇರೇನಾದರೂ ಹೇಳುತ್ತಾಳೋ, ಕೇಳದೆ ಇರುವುದು ಹೇಗೆ? ಊರೆಲ್ಲ ಕಾಲು ನೋಡಲಿ, ತಾನು ಮಾತು ಕೇಳಬೇಕು. ಜನರನ್ನು ಸರಿಸಿಕೊಂಡು, ಒಬ್ಬರ ಕಾಲು ತುಳಿದು ಇನ್ನೊಬ್ಬರ ಮೊಣಕೈ ತಿಂದು, ಮೆಟ್ಟಿಲ ಅಡಿಯ ತನ್ನ ಜಾಗಕ್ಕೆ ಬಂದು ಸೇರಿದಳು. ಬಾಯಿಗೆ ಎಲೆ ಅಡಿಕೆ ಹಾಕಿಕೊಂಡಳು. ಗೋಡೆಗೆ ಕಿವಿ ಹಚ್ಚಿದಳು. ಆ ಜಾಗ ತನ್ನೊಬ್ಬಳದು ಎಂದು ತಿಳಿದಿದ್ದಳು. ದುಂಡಗಿನ ಗೋಡೆಗೆ ನಿನ್ನ ಜಾಗ ನನ್ನ ಜಾಗ ಎಂಬುದಿದೆಯೇ?

ರಾಟೆ ನಿಂತಿತ್ತು. ಯಾರೂ ಕೆಮ್ಮಲಿಲ್ಲ.

ಕುಂಬಾರರ ಸೊಸೆ ಗೋಡೆಗೆ ತುಟಿ ಇಟ್ಟಳು.

"ತಾಯೀ, ನಾನು ಅನ್ನ ಇಟ್ಟದ್ದು ನನ್ನ ಹೆತ್ತವಳಿಗೆ. ಬೇರೆ ಯಾರೂ ಇಲ್ಲ."

ಊರಿಗೆ ಊರೇ ಬೆಚ್ಚಿತು. ಒಬ್ಬೊಬ್ಬರಿಗೂ ತಮ್ಮ ಕಿವಿಯಲ್ಲೇ ಹೇಳಿದ ಹಾಗಾಯಿತು. ಹಿರಿಯರು ಬಾಯಿ ತೆರೆದರು. ಅತ್ತೆ ಮಾತ್ರ ತುಟಿ ಸೊಟ್ಟಗೆ ಮಾಡಿದಳು. ಸಿಕ್ಕಿಬಿದ್ದವಳು ತಾಯಿಯ ಹೆಸರು ಹೇಳದೆ ಇನ್ನಾರ ಹೆಸರು ಹೇಳುತ್ತಾಳೆ ಎಂಬಂತೆ. ಅವಳು ಅದನ್ನು ಆಡುವ ಮೊದಲೇ ಗೋಡೆ ಮತ್ತೆ ಮಾತಾಡಿತು. ಈ ಸಲ ಎಲೆ ಅಡಿಕೆ ಅಗಿಯುತ್ತಾ ಮಾತಾಡಿತು.

"ಅಯ್ಯೋ, ಹೇಳಿಯೇಬಿಟ್ಟಳಲ್ಲ ಮುಠ್ಠಾಳಿ. ತಾಯಿ ಅಂತ ನನಗೆ ಅವತ್ತೇ ಗೊತ್ತಿತ್ತು. ಅದನ್ನೂ ಹೇಳಿದ್ದರೆ ಸುದ್ದಿಗೆ ರುಚಿ ಎಲ್ಲಿರುತ್ತಿತ್ತು? ಒಂದು ಕುಡಿಕೆ ಅನ್ನಕ್ಕೆ ಇಷ್ಟು ಅಳುತ್ತಾಳಪ್ಪ. ನಾನು ನಮ್ಮಣ್ಣನ ಮನೆಗೆ ಗಡಿಗೆ ಗಡಿಗೆ ತುಪ್ಪ ಸಾಗಿಸಿ ಕಳ್ಳತನವನ್ನು ಬೆಕ್ಕಿನ ಮೇಲೆ ಹಾಕಲಿಲ್ಲವೇ? ಒಂದು ಹನಿ ಕಣ್ಣೀರು ಹಾಕಿದೆನೇ?"

ಎಲ್ಲರೂ ಗೂಡಿನ ಕಡೆ ನೋಡಿದರು. ಗೂಡಿನಲ್ಲಿ ಗಂಗಮ್ಮ ತನ್ನ ಪಾಡಿಗೆ ತಾನಿದ್ದಳು. ಆಮೇಲೆ ಒಬ್ಬೊಬ್ಬರೇ ತಿರುಗಿ ಮೆಟ್ಟಿಲ ಅಡಿಗೆ ನೋಡಿದರು. ಅಲ್ಲಿ ಒಂದು ಬಾಯಿ ಇನ್ನೂ ಆಡುತ್ತಿತ್ತು.

"ಮುಠ್ಠಾಳಿ ಅಂದ ಗಂಗಮ್ಮ ನೀನೇನಾ!" ಎಂದಳು ನೇಕಾರನ ಹೆಂಡತಿ.

ವ್ಯಾಪಾರಿಯ ಹೆಂಡತಿಯ ಬಾಯಿ ಆಗ ನಿಂತಿತು. ಬಾವಿಯ ಸುತ್ತ ನಿಂತ ಹೆಂಗಸರ ಮುಖಗಳು ಒಂದೊಂದಾಗಿ ಬದಲಾಗುತ್ತಿದ್ದವು. ಒಬ್ಬೊಬ್ಬಳೂ ಇಷ್ಟು ದಿನ ಈ ಗೋಡೆಗೆ ಏನೇನು ಹೇಳಿದ್ದೆ ಎಂದು ನೆನೆಯುತ್ತಿದ್ದಳು. ಓಡೋಣವೆಂದರೆ ಮೆಟ್ಟಿಲ ತುಂಬ ಜನ. ಇಳಿಯೋಣವೆಂದರೆ ನೀರು. ಅವಳು ಗೋಡೆ ನೋಡಿದಳು. ಇರುವೆ ಸಾಲು ಹರಿಯುತ್ತಲೇ ಇತ್ತು. ಗೂಡಿನಿಂದ ಬರುವ ಇರುವೆಗಳು ಬರುತ್ತಿದ್ದವು. ಅದೇ ಸಾಲಿನಲ್ಲಿ, ಮೂತಿಗೆ ಮೂತಿ ತಾಗಿಸುತ್ತಾ, ಇಲ್ಲಿಂದ ಗೂಡಿಗೆ ಹೋಗುವ ಇರುವೆಗಳೂ ಹೋಗುತ್ತಿದ್ದವು.

ಆಗ ವ್ಯಾಪಾರಿ ಒಂದೇ ಮಾತು ಕೇಳಿದ. ಮೆಲ್ಲಗೆ ಕೇಳಿದ, ಗೋಡೆ ಅದನ್ನು ಎಲ್ಲರಿಗೂ ಕೇಳಿಸಿತು.

"ಹಾಗಾದರೆ, ನನ್ನ ಬೆಕ್ಕು?"

ಯಾರೂ ಅವಳಿಗೆ ಹೊಡೆಯಲಿಲ್ಲ, ಬೈಯಲಿಲ್ಲ. ಜನ ಒಬ್ಬೊಬ್ಬರಾಗಿ ಮೇಲೆ ಹತ್ತಿದರು. ಕುಂಬಾರರ ಮನೆಯ ಅತ್ತೆ ನಾಲ್ಕು ಮೆಟ್ಟಿಲು ಹತ್ತಿ ನಿಂತಳು. ಸೊಸೆಯ ಮುಖ ನೋಡದೆ, "ಆವಿಗೆಯ ಹಿಂದೆ ಅನ್ನದ ಮೇಲೆ ಬೂದಿ ಬೀಳುತ್ತದೆ. ನಾಳೆಯಿಂದ ಪಡಸಾಲೆಯಲ್ಲಿ ಬಡಿಸು. ನಾನು ಆ ಹೊತ್ತಿಗೆ ಒಳಗಿರುತ್ತೇನೆ" ಎಂದಳು. ಆಣೆಯೂ ಪೂರ್ತಿ ಮುರಿಯಬಾರದಲ್ಲ.

ಹೆಂಗಸರು ಬಾವಿಗೆ ಹೇಳಿಕೊಳ್ಳುವುದನ್ನು ಬಿಡಲಿಲ್ಲ. ಬಿಟ್ಟರೆ ಇನ್ನೆಲ್ಲಿ ಹೇಳುವುದು? ಆದರೆ ಗೋಡೆಗೆ ತುಟಿ ಇಟ್ಟವಳು ಮೊದಲು, "ಅಕ್ಕಾ, ಇದ್ದೀಯಾ?" ಎಂದು ಕೇಳಿ, ಸ್ವಲ್ಪ ಹೊತ್ತು ಕಾದು, ಆಮೇಲೆ ತನ್ನ ಕಷ್ಟ ಹೇಳುತ್ತಿದ್ದಳು. ವ್ಯಾಪಾರಿ ದಿನಾ ಸಂಜೆ ಕೆರೆಯ ಏರಿಯ ಮೇಲೆ ನಡೆದು ಬೆಕ್ಕನ್ನು ಕೂಗುತ್ತಿದ್ದ. ಅವನ ಹೆಂಡತಿ ಮನೆಯೊಳಗೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ತಿರುಗುತ್ತಿದ್ದಳು. ಯಾವ ಗೋಡೆಗೂ ಒರಗಿ ಕೂರಲು ಅವಳಿಗೆ ಧೈರ್ಯ ಬರಲಿಲ್ಲ. ಬಾಯಿ ಆಡಿಸಲಂತೂ ಅಡಿಗೆಮನೆಯ ದುಂಡನೆಯ ಕೊಪ್ಪರಿಗೆಯ ಹತ್ತಿರವೂ ಹೆದರುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ನಂಜಯ್ಯ ಕೂತಲ್ಲೇ ಮಂಡಿ ಬದಲಿಸಿದ. "ಹಾಗಾದರೆ ಗಂಗಮ್ಮನೇ ಅವಳಿಗೆ ಶಿಕ್ಷೆ ಕೊಟ್ಟಳೇ, ಗುರುಗಳೇ?"

"ಗಂಗಮ್ಮನಿಗೆ ಬೇರೆ ಕೆಲಸವಿದೆ. ಗೋಡೆ ತನ್ನ ಕಟ್ಟಳೆಯಂತೆ ನಡೆದುಕೊಂಡಿತು. ಮಾತು ಬರುವ ದಾರಿಗೂ ಹೋಗುವ ದಾರಿಗೂ ಅದು ಎರಡು ಲೆಕ್ಕ ಇಡುವುದಿಲ್ಲ."

ನಂಜಯ್ಯ ಎದ್ದ. "ಉಗ್ರಾಣದಲ್ಲಿ ಕೆಲಸ ಬಾಕಿ ಇದೆ" ಎಂದು ಬಾಗಿಲ ಕಡೆ ಹೆಜ್ಜೆ ಇಟ್ಟ. ಹೊರಗೆ ಜಗಲಿಯ ಮೇಲೆ ಒಬ್ಬ ಭಕ್ತ ಗುರುಗಳನ್ನು ಕಾಣಲು ಕಾದು ಕೂತಿದ್ದ. ನಂಜಯ್ಯನ ಕಣ್ಣು ಒಮ್ಮೆ ಅವನ ಮೇಲೆ ಹೊರಳಿತು.

ಗುರುಗಳು ಕೂತಲ್ಲಿಂದಲೇ ಅಂದರು: "ಹೋಗು ಮಗು, ಆದರೆ ಗಾಳಿಗಂಡಿಗೆ ಕಿವಿಯಿಟ್ಟು ಕೂತಾಗ ಹುರಿಗಡಲೆ ತಿನ್ನಬೇಡ, ನೀನು ಅಗಿಯುವ ಸದ್ದಿನಲ್ಲಿ ಭಕ್ತರು ಹೇಳುವುದು ನನಗೇ ಸರಿಯಾಗಿ ಕೇಳಿಸುವುದಿಲ್ಲ."